ಬ್ರೇಕಮ್ಮ ಚಿಕಿತ್ಸೆಗೆ ತಯಾರಾದದ್ದು

ಬ್ರೇಕಮ್ಮ ಅನ್ನುವುದು ಆಕೆಯ ನಿಜವಾದ ಹೆಸರಲ್ಲ. ಕಾರು ಓಡಿಸಲು ಕಲಿಯಬಂದವರು ಇಟ್ಟ ಹೆಸರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕು ಇರುತ್ತದಲ್ಲ, ಆಕೆ ಅದನ್ನು ಒತ್ತಿದರೆ ಕಾರು ನಿಲ್ಲುತ್ತಿತ್ತು. ಬಾಯಿ ಬಿಟ್ಟರೆ ಬೀದಿಯೇ ನಿಲ್ಲುತ್ತಿತ್ತು. ಇಪ್ಪತ್ತಾರು ವರ್ಷ ಒಂದೇ ಕೆಲಸ, ಅಷ್ಟರಲ್ಲಿ ಮೂರು ಕಾರು ಸವೆದಿದ್ದವು. ಮುಕ್ಕಾಲು ಊರು ಆಕೆಯಿಂದ ಬೈಸಿಕೊಂಡೇ ಲೈಸೆನ್ಸು ಪಡೆದಿತ್ತು. ಸ್ಟೀರಿಂಗ್ ಮುಟ್ಟದೆ ಉಳಿದವನೆಂದರೆ ಆಕೆಯ ಗಂಡನೇ. ಕನ್ನಡಕದ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು ಅವನ ಕೆಲಸ. ಮೆತ್ತಗಿನ ಮನುಷ್ಯ. "ಮನೇಲಿ ಬೈಸಿಕೊಳ್ಳೋದು ಸಾಲದಾ, ರಸ್ತೇಲೂ ಯಾಕೆ?" ಎಂದು ಬಸ್ಸಿನಲ್ಲೇ ಓಡಾಡಿಕೊಂಡಿದ್ದ. ಮಕ್ಕಳಿಲ್ಲದ ಮನೆ; ಆದರೆ ಆ ಮನೆಯಲ್ಲಿ ಸದ್ದಿಗೆ ಬರವಿದೆ ಅಂತ ಅಕ್ಕಪಕ್ಕದವರು ಯಾರೂ ಹೇಳುವಂತಿರಲಿಲ್ಲ.

ಆ ವರ್ಷ ಆಕೆಯ ಪಾಲಿಗೆ ಬಂದ ತಲೆನೋವೆಂದರೆ ಒಬ್ಬ ಗಣಿತದ ಮೇಷ್ಟ್ರು. ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳನ್ನು ಪಾಸು ಮಾಡಿಸಿದವರು ಡ್ರೈವಿಂಗ್ ಪರೀಕ್ಷೆಯಲ್ಲಿ ತಾವೇ ಮೂರು ಸಲ ನಪಾಸಾಗಿದ್ದರು. ಎದುರಿಗೆ ಸೈಕಲ್ ಬಂದರೆ ಅದರ ವೇಗ, ತಮ್ಮ ವೇಗ, ನಡುವಿನ ದೂರ ಎಲ್ಲವನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು. ಉತ್ತರ ಬರುವಷ್ಟರಲ್ಲಿ ಸೈಕಲ್ಲಿನವನು ಚರಂಡಿಗೆ ಇಳಿದಿರುತ್ತಿದ್ದ.

ಒಂದು ದಿನ ಸಂಜೆ ಮೇಷ್ಟ್ರು ಬ್ರೇಕು ಅಂತ ತಿಳಿದು ಆಕ್ಸಿಲರೇಟರ್ ಒತ್ತಿದರು. ಬ್ರೇಕಮ್ಮ ತನ್ನ ಕಡೆಯ ಬ್ರೇಕನ್ನು ಮೆಟ್ಟಿ ನಿಂತಳು. ಸೀಟಿನ ಬೆಲ್ಟು ಎದೆಗೆ ಬಿಗಿದು ಉಸಿರೇ ಕಟ್ಟಿತು. ಮನೆಗೆ ಬಂದು ನೋವಿನ ಮುಲಾಮು ಹಚ್ಚಿಕೊಳ್ಳುತ್ತಿದ್ದಾಗ ಬಲಗಡೆಯ ಎದೆಯ ಕೆಳಮಗ್ಗುಲಲ್ಲಿ ಬೆರಳಿಗೆ ಒಂದು ಗಂಟು ಸಿಕ್ಕಿತು. ಕಡಲೆಕಾಳಿಗಿಂತ ದೊಡ್ಡದು, ಕಲ್ಲಿನಂತೆ ಗಟ್ಟಿ. ಅದೊಂದು ಜಾಗದಲ್ಲಿ ಮಾತ್ರ ನೋವಿರಲಿಲ್ಲ.

"ಆ ಮೇಷ್ಟ್ರ ಪ್ರಸಾದ ಇದು. ಬೆಲ್ಟಿನ ಪೆಟ್ಟಿಗೆ ಗಂಟು ಕಟ್ಟಿದೆ," ಅಂದಳು.

ಮೂರು ವಾರ ಕಳೆದರೂ ಗಂಟು ಕರಗಲಿಲ್ಲ. ಅಷ್ಟರಲ್ಲಿ ಗಂಡ ಫೋನಿನಲ್ಲಿ ಏನೇನೋ ಓದಿ, ಓದಿದ್ದನ್ನು ಹೇಳಲಾರದೆ, ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಮತ್ತಷ್ಟು ಓದಿ, ಬೆಳಗಿನ ಚಹಾಕ್ಕೆ ಉಪ್ಪು ಹಾಕುವ ಸ್ಥಿತಿಗೆ ಬಂದಿದ್ದ. ಆ ಉಪ್ಪಿನ ಚಹಾ ಕುಡಿದ ಬೆಳಗ್ಗೆ ಬ್ರೇಕಮ್ಮ, "ಆಯ್ತು ಮಾರಾಯ್ರೇ, ಬನ್ನಿ, ತೋರಿಸಿಬಿಡೋಣ. ಇಲ್ಲದಿದ್ರೆ ನನಗಿಂತ ಮೊದಲು ನೀವೇ ಹೋಗ್ತೀರಿ," ಎಂದು ಹೊರಟಳು.

ಎರಡು ಹಲಗೆಗಳ ನಡುವೆ ಎದೆಯನ್ನು ಅಪ್ಪಚ್ಚಿ ಮಾಡಿ ಚಿತ್ರ ತೆಗೆದರು. ಆಮೇಲೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಆಮೇಲೆ ಸೂಜಿ. "ಟಪ್ ಅಂತ ಸದ್ದಾಗುತ್ತೆ, ಗಾಬರಿಯಾಗ್ಬೇಡಿ," ಅಂದ ಯುವ ಡಾಕ್ಟರು ಆ ಸದ್ದಿಗೆ ತಾವೇ ಕಣ್ಣು ಮುಚ್ಚಿದರು. "ನೀವು ಕಣ್ಣು ಮುಚ್ಚಿದ್ರೆ ಹೆಂಗಪ್ಪಾ? ಓಡಿಸೋರು ನೀವು!" ಎಂದು ಮಲಗಿದಲ್ಲಿಂದಲೇ ಗದರಿದಳು.

ಫಲಿತಾಂಶ ಹೇಳಿದ್ದು ದೊಡ್ಡ ಡಾಕ್ಟರು. ಐವತ್ತರ ಆಸುಪಾಸಿನ ಹೆಂಗಸು, ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಮಾಡಿದವರು. ಮೂಗಿನ ತುದಿಗೆ ಜಾರಿದ ಕನ್ನಡಕ, ಮಾತು ನೇರ.

"ಕ್ಯಾನ್ಸರ್ ಇದೆ. ವಾಸಿ ಮಾಡೋದಕ್ಕೆ ಆಗುವಂಥದ್ದೇ. ಮೊದಲು ಔಷಧಿ ಕೊಟ್ಟು ಗಡ್ಡೆ ಕುಗ್ಗಿಸ್ತೀವಿ, ಆಮೇಲೆ ಆಪರೇಷನ್, ಕೊನೆಗೆ ಕಿರಣದ ಚಿಕಿತ್ಸೆ. ಸುಮಾರು ಒಂದು ವರ್ಷದ ದಾರಿ."

ಗಂಡ ಏನಾದರೂ ಕೇಳಿಯಾನು ಎಂದು ಬ್ರೇಕಮ್ಮ ತಿರುಗಿ ನೋಡಿದರೆ ಅವನು ಡಾಕ್ಟರ ಮುಖವನ್ನೇ ದಿಟ್ಟಿಸುತ್ತಿದ್ದ.

"ಮೇಡಂ, ನಿಮ್ಮ ಕನ್ನಡಕದ ಎಡಗಾಲು ಸೊಟ್ಟಗಿದೆ. ತಿರುಪು ಸಡಿಲವಾಗಿದೆ. ಕೊಡಿ ಇಲ್ಲಿ," ಅಂದ. ಜೇಬಿನಲ್ಲಿ ಸದಾ ಇರುವ ಪುಟ್ಟ ಸ್ಕ್ರೂಡ್ರೈವರ್ ಹೊರಬಂದಿತ್ತು. ಡಾಕ್ಟರು ಕನ್ನಡಕ ತೆಗೆದು ಕೊಟ್ಟರು. ಅವನು ತಲೆ ಬಗ್ಗಿಸಿ ತಿರುಪು ಬಿಗಿಯುತ್ತ ಕೂತ. ಗಾಜಿನ ಮೇಲೆ ಎರಡು ಹನಿ ಬಿದ್ದವು. ಅದನ್ನು ಅಂಗಿಯ ತುದಿಯಿಂದ ಒರೆಸಿ ವಾಪಸ್ ಕೊಟ್ಟ.

"ಈ ಮನುಷ್ಯನ್ನ ಕಟ್ಟಿಕೊಂಡು ನಾನು..." ಎಂದು ಶುರು ಮಾಡಿದ ಬ್ರೇಕಮ್ಮ ಮುಂದಿನದನ್ನು ನುಂಗಿಕೊಂಡು ಡಾಕ್ಟರ ಕಡೆ ತಿರುಗಿದಳು. "ಸರಿ. ಔಷಧಿ ಯಾವತ್ತಿಂದ? ನಾಳೆಯಿಂದಲೇ ಶುರು ಮಾಡಿ."

"ಅದಕ್ಕೆ ಮೊದಲು ಒಂದೆರಡು ಟೆಸ್ಟ್ ಆಗ್ಬೇಕು."

ಒಂದೆರಡು ಟೆಸ್ಟ್ ಅನ್ನುವುದು ಎಂಥ ಮಾತು ಅಂತ ಆಕೆಗೆ ಆಗ ಗೊತ್ತಿರಲಿಲ್ಲ. ಮುಂದಿನ ದಿನಗಳಲ್ಲಿ ಆಕೆಯನ್ನು ಸತಾಯಿಸಿದ್ದು ಕಾಯಿಲೆಗಿಂತ ಹೆಚ್ಚಾಗಿ ಈ ಒಂದೆರಡು.

ಮೊದಲಿಗೆ ಸೂಜಿಯಿಂದ ತೆಗೆದ ಚೂರೇ ಸಾಲದು ಅಂದರು. ಯಾವ ಬಗೆಯ ಔಷಧಿ ಒಗ್ಗುತ್ತದೆ ಎಂದು ತಿಳಿಯಲು ಅದೇ ಚೂರಿನ ಮೇಲೆ ಇನ್ನೊಂದು ಪರೀಕ್ಷೆ ಆಗಬೇಕಿತ್ತು; ಚೂರು ಮುಗಿದುಹೋಗಿತ್ತು. ಮತ್ತೊಮ್ಮೆ ಸೂಜಿ, ಅದರ ವರದಿಗೆ ಹತ್ತು ದಿನ. ಇದನ್ನು ಹೇಳಿದವನು ನಾಲ್ಕನೇ ಕಿಟಕಿಯ ಗುಮಾಸ್ತ. ಆಸ್ಪತ್ರೆಯ ಫೈಲುಗಳೆಲ್ಲ ಅವನ ಕೈಯಲ್ಲಿ.

"ಸ್ಯಾಂಪಲ್ ಕಮ್ಮಿ ಇದೆಯಂತಮ್ಮ," ಅಂದ ಅವನು, ಆಕೆ ಹಾಲಿಗೆ ನೀರು ಬೆರೆಸಿ ತಂದವಳು ಎಂಬಂತೆ.

"ಕಮ್ಮಿ ಆಗಿದ್ದು ನನ್ನ ಕಡೆಯಿಂದಲ್ಲಪ್ಪ. ನಾನು ಇಡೀ ಗಡ್ಡೆ ಹೊತ್ಕೊಂಡು ಬಂದಿದ್ದೆ. ತೆಗೆದುಕೊಂಡವರನ್ನ ಕೇಳು."

"ನನ್ನನ್ನ ಕೇಳಿದ್ರೆ ನಾನೇನ್ಮಾಡ್ಲಿ? ಸರಿ, ಹೃದಯದ ಪರೀಕ್ಷೆಗೆ ಯಾವಾಗ ಬರ್ತೀರಿ? ಊಹ್ಞೂಂ, ಈಗ ಆಗಲ್ಲ. ಈ ವರದಿ ಫೈಲಿಗೆ ಬಂದ ಮೇಲೇ ಮುಂದಿನದಕ್ಕೆ ದಿನ ಕೊಡೋದು. ಒಂದಾದ ಮೇಲೆ ಒಂದು."

ಡಾಕ್ಟರು ಹೃದಯದ ಪರೀಕ್ಷೆ, ಹಲ್ಲಿನ ತಪಾಸಣೆ, ಮೈಯೆಲ್ಲದರ ಸ್ಕ್ಯಾನು ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆದಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಗುಮಾಸ್ತ ಮಾತ್ರ ಒಂದೊಂದಾಗಿಯೇ ಬಿಡುತ್ತಿದ್ದ. ಅದೂ ಟೋಕನ್ ತೆಗೆದುಕೊಂಡು ಕೂತರೆ. ಟೋಕನ್ ಕೊಡುವ ಯಂತ್ರ ಕಾಗದ ಉಗುಳದೆ ಕೈಕೊಟ್ಟ ದಿನ ಎಲ್ಲರೂ ಬಂದ ಕ್ರಮವನ್ನು ಬಾಯಲ್ಲೇ ನೆನಪಿಟ್ಟುಕೊಂಡು ಕೂತರು. ಒಬ್ಬ ಗಂಡಸು ನೆನಪು ತಪ್ಪಿದವನಂತೆ ಮುಂದೆ ನುಗ್ಗಿದಾಗ ಬ್ರೇಕಮ್ಮ ಎದ್ದು, "ಯಜಮಾನ್ರೇ, ಹಿಂದೆ ಹೋಗಿ! ಓವರ್‌ಟೇಕ್ ಮಾಡೋ ಜಾಗ ಅಲ್ಲ ಇದು!" ಎಂದಳು. ಅವನು ಹಿಂದೆ ಹೋದದ್ದಲ್ಲದೆ, "ನಮಸ್ಕಾರ ಮೇಡಂ, ನಾನು ನಿಮ್ಮ ಹತ್ರವೇ ಕಲ್ತಿದ್ದು," ಎಂದು ಹಲ್ಲು ಕಿರಿದ. ಸಿಟ್ಟು ಇನ್ನೂ ಹೆಚ್ಚಾಯಿತು.

ಪಾಠ ಬಿಡಲು ಆಕೆಗೆ ಮನಸ್ಸಿರಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಯಾರ ಸರದಿ ಇದೆಯೋ ಅವರಿಗೆ ಆಸ್ಪತ್ರೆಯ ದಾರಿಯಲ್ಲೇ ಪಾಠ. ಎರಡನೇ ಸಲದ ಸೂಜಿಯ ದಿನ ಸ್ಟೀರಿಂಗ್ ಹಿಡಿದವರು ಗಣಿತದ ಮೇಷ್ಟ್ರು. ಆಸ್ಪತ್ರೆಯ ಇಳಿಜಾರಿನಲ್ಲಿ ಕಾರು ಮೂರು ಸಲ ಆಫ್ ಆಯಿತು. ಹಿಂದೆ ಆಂಬುಲೆನ್ಸು ಒಂದೇ ಸಮ ಬಡಿದುಕೊಳ್ಳುತ್ತಿತ್ತು.

"ಕ್ಲಚ್ಚು ಮೆಲ್ಲಗೆ ಬಿಡಿ ಮೇಷ್ಟ್ರೇ! ಮೆಲ್ಲಗೆ ಅಂದ್ರೆ ಮುಂದಿನ ತಿಂಗಳಲ್ಲ, ಈಗ!"

"ಅಮ್ಮಾ, ಇಲ್ಲಿಗೆ ಯಾಕೆ ಬಂದಿದ್ದು? ಯಾರಿಗೆ ಹುಷಾರಿಲ್ಲ?"

"ನನ್ನ ಅತ್ತಿಗೆಗೆ. ನೀವು ರಸ್ತೆ ನೋಡಿ."

ಒಂದು ಗಂಟೆ ಕಳೆದು ಆಕೆ ಹೊರಬಂದಾಗ ಬಲಗೈಯಿಂದ ಕಾರಿನ ಬಾಗಿಲು ತೆಗೆಯಲಾಗಲಿಲ್ಲ. ಅಂಗಿಯೊಳಗಿಂದ ಬ್ಯಾಂಡೇಜಿನ ಅಂಚು ಇಣುಕುತ್ತಿತ್ತು. ಮೇಷ್ಟ್ರು ಇಳಿದು ಬಾಗಿಲು ತೆಗೆದರು. ಮತ್ತೆ ಅತ್ತಿಗೆಯ ಆರೋಗ್ಯ ವಿಚಾರಿಸಲಿಲ್ಲ. ಬೆಲ್ಟು ಹಾಕಿಕೊಂಡು, ಕನ್ನಡಿ ಸರಿಮಾಡಿಕೊಂಡು, ಗಾಡಿ ಶುರು ಮಾಡದೆ ಕೂತೇ ಇದ್ದರು.

"ಏನು, ಇದಕ್ಕೂ ಲೆಕ್ಕ ಹಾಕ್ತಿದ್ದೀರಾ?"

"ಚಿಕಿತ್ಸೆ ಯಾವತ್ತು ಶುರು?"

ಬ್ರೇಕಮ್ಮ ಅಳುವ ಹೆಂಗಸಲ್ಲ. ಅಳು ಬರಬೇಕಾದ ಕಡೆ ಆಕೆಗೆ ಸಿಟ್ಟು ಬರುತ್ತಿತ್ತು. ಈಗಲೂ ಹಾಗೇ ಆಯಿತು. ಚೂರು ಸಾಲದ್ದು, ಹತ್ತು ದಿನದ ವರದಿ, ಒಂದಾದ ಮೇಲೆ ಒಂದು ಅನ್ನುವ ಗುಮಾಸ್ತ, ಕಾಗದ ಉಗುಳದ ಯಂತ್ರ ಎಲ್ಲವನ್ನೂ ಕಾರು ನಿಂತಲ್ಲೇ ಒದರಿದಳು. "ಒಳಗೆ ಗಡ್ಡೆ ಬೆಳೀತಾ ಇದೆ, ಹೊರಗೆ ಇವರು ನಂಬರ್ ಕೊಟ್ಟು ಕೂರಿಸ್ತಾರೆ! ಗಡ್ಡೆಗೂ ಒಂದು ಟೋಕನ್ ಕೊಡಿ, ನಿನ್ನ ಸರದಿ ಬಂದಾಗ ಬೆಳಿ ಅಂತ ಹೇಳಿ!"

ಮೇಷ್ಟ್ರು ಎಲ್ಲ ಕೇಳಿಕೊಂಡರು. ಮರುದಿನ ಪಾಠಕ್ಕೆ ಬರುವಾಗ ಗ್ರಾಫ್ ಹಾಳೆಯೊಂದನ್ನು ತಂದರು. ಯಾವ ಪರೀಕ್ಷೆಗೆ ಯಾವುದರ ವರದಿ ಬೇಕು, ಯಾವುದಕ್ಕೆ ಬೇಡ ಎಂದು ಗೆರೆ ಎಳೆದು ತೋರಿಸಿದ್ದರು. ಹೃದಯದ ಪರೀಕ್ಷೆಗೆ ಸೂಜಿಯ ವರದಿ ಬೇಕಿಲ್ಲ. ಹಲ್ಲಿನ ಡಾಕ್ಟರಿಗಂತೂ ಯಾವುದೂ ಬೇಕಿಲ್ಲ. ಈ ಹತ್ತು ದಿನದಲ್ಲೇ ಅವನ್ನೆಲ್ಲ ಮುಗಿಸಿದರೆ ಇಪ್ಪತ್ತಾರು ದಿನದ ಕೆಲಸ ಹದಿನಾಲ್ಕಕ್ಕೆ ಇಳಿಯುತ್ತದೆ.

"ಇಷ್ಟೆಲ್ಲ ತಲೆ ಇರೋರಿಗೆ ಒಂದು ಕ್ಲಚ್ಚು ಬಿಡೋಕೆ ಬರಲ್ವಲ್ಲ ಮೇಷ್ಟ್ರೇ," ಅಂದಳು ಬ್ರೇಕಮ್ಮ. ಆದರೆ ಹಾಳೆಯನ್ನು ಮಡಿಸಿ ಭದ್ರವಾಗಿ ಇಟ್ಟುಕೊಂಡಳು.

ಗುಮಾಸ್ತ ಹಾಳೆಯನ್ನು ಅತ್ತ ಇತ್ತ ತಿರುಗಿಸಿ, "ಇದಕ್ಕೆ ಸೀಲ್ ಇಲ್ಲವಲ್ಲ," ಅಂದ. ಬ್ರೇಕಮ್ಮ ನೇರ ದೊಡ್ಡ ಡಾಕ್ಟರ ಕೋಣೆಗೇ ನುಗ್ಗಿದಳು. ಒಳಗೆ ಇನ್ನೊಬ್ಬರಿದ್ದರು, ಬೈಸಿಕೊಂಡಳು. ಬಾಗಿಲ ಹೊರಗೆ ನಲವತ್ತು ನಿಮಿಷ ನಿಂತಳು. ಡಾಕ್ಟರು ಕೊನೆಗೆ ಹಾಳೆ ನೋಡಿ, ಹುಬ್ಬೇರಿಸಿ, ಕೆಳಗಡೆ ಸಹಿ ಹಾಕಿ, "ಇದನ್ನ ಮಾಡಿದ್ದು ಯಾರು?" ಎಂದು ಕೇಳಿದರು.

"ಮೂರು ಸಲ ಫೇಲಾದವರು," ಅಂದಳು ಬ್ರೇಕಮ್ಮ.

ಹೀಗೆ ಹೃದಯದ ಪರೀಕ್ಷೆ ಆಯಿತು. "ಹೃದಯ ಗಟ್ಟಿಯಾಗಿದೆ," ಎಂದು ಅಲ್ಲಿನವರು ಹೇಳಿದಾಗ ಗಂಡ, "ಅದು ನನಗೆ ಮೊದಲೇ ಗೊತ್ತಿತ್ತು," ಎಂದು ಗೊಣಗಿ ಒಂದು ನೋಟ ತಿಂದ. ಹಲ್ಲಿನ ಡಾಕ್ಟರು ಹುಳುಕು ಹಲ್ಲೊಂದನ್ನು ಕಿತ್ತರು. ಔಷಧಿ ಶುರುವಾದ ಮೇಲೆ ಹಲ್ಲು ಕೈಕೊಟ್ಟರೆ ಸೋಂಕು ಹೆಚ್ಚುತ್ತದಂತೆ.

ಈ ನಡುವೆ ಸುದ್ದಿ ಅತ್ತಿಗೆಗೆ ಮುಟ್ಟಿತು. ಗಂಡನ ಅಕ್ಕ ಅವಳು. ಬಸ್ಸಿಳಿದು ಬಾಗಿಲಿಗೆ ಬರುವಾಗಲೇ ಅಳುತ್ತಿದ್ದಳು. ಬ್ರೇಕಮ್ಮ ಅವಳನ್ನು ಕೂರಿಸಿ, ನೀರು ಕೊಟ್ಟು, ಬೆನ್ನು ಸವರಿ, ಚಹಾ ಮಾಡಿಕೊಟ್ಟಳು. ಹಲ್ಲು ಕಿತ್ತ ಜಾಗದಲ್ಲಿ ಇನ್ನೂ ಹತ್ತಿ ಇತ್ತು.

"ಸಕ್ಕರೆ ಮುಟ್ಟಬೇಡ. ಹಾಲು ಬೇಡ. ನಮ್ಮ ಓರಗಿತ್ತಿಯ ತಂಗಿಗೆ ಯಾವುದೋ ಎಲೆಯ ರಸದಲ್ಲೇ ವಾಸಿಯಾಯ್ತಂತೆ. ಈ ಔಷಧಿ ತಗೊಂಡವರು ಯಾರೂ... ಅಯ್ಯೋ, ಬೇಡ ಬಿಡು, ನಾನು ಹೇಳಲ್ಲ."

"ಹೇಳಿಬಿಡಿ, ಅರ್ಧಕ್ಕೆ ಯಾಕೆ ನಿಲ್ಲಿಸ್ತೀರಿ?"

"ಇಲ್ಲಮ್ಮ, ಧೈರ್ಯ ತುಂಬೋಕೆ ಬಂದವಳು ನಾನು."

ಮೂರು ದಿನ ಧೈರ್ಯ ತುಂಬಿದಳು. ಹೊತ್ತು ಹೊತ್ತಿಗೆ ಬ್ರೇಕಮ್ಮನ ಮುಖ ನೋಡಿ ನಿಟ್ಟುಸಿರು ಬಿಡುವುದು, ಬಟ್ಟೆ ಮಡಿಸುವಾಗ ಯಾವುದಾದರೊಂದು ಅಂಗಿಯನ್ನು ಎತ್ತಿ ಹಿಡಿದು, "ಇದು ನಿನಗೆ ಎಷ್ಟು ಒಪ್ತಿತ್ತು," ಅನ್ನುವುದು. ಒಪ್ತಿತ್ತು! ನಾಲ್ಕನೆಯ ದಿನ ಬ್ರೇಕಮ್ಮ ತಾನೇ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬಸ್ಸು ಹತ್ತಿಸಿ ಬಂದಳು.

ಮೈಯೆಲ್ಲದರ ಸ್ಕ್ಯಾನಿನ ದಿನ ಬೆಳಗಿನಿಂದ ಹೊಟ್ಟೆಗೇನೂ ಇಲ್ಲ. ಕೈಗೆ ಒಂದು ಸೂಜಿ ಚುಚ್ಚಿ ಔಷಧಿ ಬಿಟ್ಟು, ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಒರಗುಕುರ್ಚಿಯ ಮೇಲೆ ಕೂರಿಸಿದರು. ಔಷಧಿ ಮೈಯೊಳಗೆ ಹರಡಲು ಒಂದು ಗಂಟೆ ಬೇಕು.

"ಅಲ್ಲಾಡಬಾರದು. ಫೋನ್ ಬೇಡ. ಓದಬಾರದು. ಮಾತಾಡ್ಲೇಬಾರದು," ಅಂದಳು ನರ್ಸು.

"ಮಾತಾಡಿದ್ರೆ ಏನಾಗುತ್ತೆ?"

"ಔಷಧಿ ಗಂಟಲಿನ ಸ್ನಾಯುಗಳಿಗೆ ಹೋಗಿಬಿಡುತ್ತೆ, ಚಿತ್ರದಲ್ಲಿ ಅದೂ ಹೊಳೆಯುತ್ತೆ."

ಗಂಡನನ್ನು ಹೊರಗೇ ನಿಲ್ಲಿಸಿದ್ದರು. ಬಾಗಿಲು ಮುಚ್ಚಿತು. ಗಡಿಯಾರವೂ ಇಲ್ಲದ ಕೋಣೆ. ಎದುರಿಗೆ ಬಿಳಿ ಗೋಡೆ, ಮೂಲೆಯಲ್ಲಿ ಮುಚ್ಚಳದ ಡಬ್ಬ, ಮೇಲೆ ಗಾಳಿ ಬಿಡುವ ಜಾಲರಿ. ಬ್ರೇಕಮ್ಮ ಮೊದಲು ಗುಮಾಸ್ತನನ್ನು ಮನಸ್ಸಿನಲ್ಲೇ ಬೈದಳು. ಆಮೇಲೆ ಅತ್ತಿಗೆಯನ್ನು, ಯಂತ್ರವನ್ನು, ಮೇಷ್ಟ್ರನ್ನು. ಬೈಯಲು ಜನ ಮುಗಿದುಹೋದರು. ಆಗ, ಇಷ್ಟು ದಿನ ಬಾಗಿಲ ಹೊರಗೇ ಕಾಯುತ್ತಿದ್ದ ಭಯ ಒಳಗೆ ಬಂದು ಎದುರಿಗೆ ಕೂತಿತು. ಗಡ್ಡೆ ಅಲ್ಲಿಗೇ ನಿಂತಿರದಿದ್ದರೆ? ಈಗಾಗಲೇ ಮೂಳೆಗೆ, ಲಿವರಿಗೆ ದಾರಿ ಹಿಡಿದಿದ್ದರೆ? ಆ ಮೂರು ವಾರ "ಬೆಲ್ಟಿನ ಪೆಟ್ಟು" ಅಂತ ಕೂತದ್ದು ಯಾರ ತಪ್ಪು? ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೆ ತನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ. ಕಣ್ಣಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಒರೆಸಿಕೊಳ್ಳಲು ಕೈ ಎತ್ತಿದವಳು, ಅಲ್ಲಾಡಬಾರದು ಅಂದದ್ದು ನೆನಪಾಗಿ ಹಾಗೇ ಬಿಟ್ಟಳು.

ಹೊರಗೆ ಬಂದಾಗ ಗಂಡ ಎದ್ದು ನಿಂತ. "ಹೇಗಿತ್ತು?"

"ಒಂದು ಗಂಟೆ ಬಾಯಿ ಮುಚ್ಚಿಕೊಂಡಿದ್ದೆ."

"ಅಷ್ಟು ಕಷ್ಟನಾ?" ಅಂದ ಅವನು, ಪೂರ್ತಿ ಮನಸ್ಸಿನಿಂದ. ಬ್ರೇಕಮ್ಮನಿಗೆ ಅಷ್ಟು ಹೊತ್ತಿನ ಮೇಲೆ ನಗು ಬಂತು.

ಗಡ್ಡೆ ದೂರ ಹೋಗಿರಲಿಲ್ಲ. ಎದೆಯಲ್ಲಿ ಒಂದು, ಕಂಕುಳಲ್ಲಿ ಒಂದು ಗ್ರಂಥಿ, ಅಷ್ಟೆ. ಸೂಜಿಯ ವರದಿಯೂ ಬಂತು. ಯಾವ ಔಷಧಿ ಎಂದು ನಿಗದಿಯಾಯಿತು. ಇನ್ನು ಉಳಿದಿದ್ದು ಪೋರ್ಟು. ಕೈಯ ನರಗಳು ಔಷಧಿಯ ಉರಿ ತಡೆಯಲಾರವು ಎಂದು ಕೊರಳ ಬುಡದ ಮೂಳೆಯ ಕೆಳಗೆ, ಚರ್ಮದೊಳಗೆ ಗುಂಡಿಯಷ್ಟು ಅಗಲದ ಒಂದು ಪುಟ್ಟ ಡಬ್ಬಿ ಕೂರಿಸುತ್ತಾರೆ. ಪ್ರತಿ ಸಲ ಅದಕ್ಕೇ ಚುಚ್ಚಿ ಔಷಧಿ ಬಿಡುವುದು. ಗಡ್ಡೆ ಬಲಗಡೆ ಇದ್ದುದರಿಂದ ಪೋರ್ಟು ಎಡಗಡೆ.

"ಎಡಗಡೆ ಎಲ್ಲಿ?" ಎಂದು ಬ್ರೇಕಮ್ಮ ಕೇಳಿದಳು. ಡಾಕ್ಟರು ಬೆರಳಿಟ್ಟು ತೋರಿಸಿದರು.

"ಅಲ್ಲಿ ಆಗಲ್ಲ."

"ಯಾಕೆ?"

"ನಾನು ಕೂರೋ ಸೀಟಿನ ಬೆಲ್ಟು ಸರಿಯಾಗಿ ಅದರ ಮೇಲೇ ಹಾಯುತ್ತೆ. ದಿನಕ್ಕೆ ಹತ್ತು ಸಲ ಬ್ರೇಕ್ ಹಾಕ್ತೀನಿ. ನಿಮ್ಮ ಡಬ್ಬಿ ಒಳಗೆ ಹೋಗ್ಬಿಡುತ್ತೆ."

"ಚಿಕಿತ್ಸೆ ನಡೆಯುವಾಗ ನೀವು ಕೆಲಸ ಮಾಡೋದು..."

"ಮಾಡಲ್ಲ ಅಂತ ನೀವು ಬರೆದು ಕೊಡ್ತೀರಾ?"

ಡಾಕ್ಟರು ಗೋಡೆಯ ಗಡಿಯಾರ ನೋಡಿದರು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. "ಇಪ್ಪತ್ತು ವರ್ಷದಿಂದ ನಾನು ಇದನ್ನ ಹಾಕ್ತಾ ಇದ್ದೀನಿ," ಅಂದರು, ಹಲ್ಲು ಕಚ್ಚಿ.

"ಇಪ್ಪತ್ತಾರು ವರ್ಷದಿಂದ ನಾನು ಬೆಲ್ಟ್ ಹಾಕ್ತಾ ಇದ್ದೀನಿ."

ಅಂದು ಮನೆಗೆ ಬಂದವಳು ಕಾರಿನಲ್ಲಿ ತನ್ನ ಸೀಟಿನಲ್ಲಿ ಕೂತು, ಬೆಲ್ಟು ಬಿಗಿದು, ಅದರ ಎರಡೂ ಅಂಚಿಗೆ ಗಂಡನ ಕೈಯಲ್ಲಿ ಗೆರೆ ಎಳೆಸಿದಳು. ಗಾಜಿಗೆ ಗುರುತು ಮಾಡುವ ಅಳಿಸದ ಶಾಯಿಯ ಪೆನ್ನು ಅದು. ಭುಜದಿಂದ ಎದೆಯ ನಡುವಿನವರೆಗೆ, ಪಟ್ಟಿ ಹಿಡಿದು ಎಳೆದಂಥ ಎರಡು ಕಪ್ಪು ಗೆರೆ. ಆಪರೇಷನ್ ಕೋಣೆಯಲ್ಲಿ ಮರುದಿನ ಬಟ್ಟೆ ಸರಿಸಿದಾಗ ನರ್ಸು, "ಇದೇನ್ರೀ, ರಸ್ತೆ?" ಅಂದಳು. ಡಾಕ್ಟರು ನೋಡಿದರು. ನಗಬಾರದೆಂದು ತಡೆದುಕೊಂಡು ಕೊನೆಗೆ ನಕ್ಕೇಬಿಟ್ಟರು. ಪೋರ್ಟು ಎರಡು ಬೆರಳು ಒಳಗೆ, ಗೆರೆಯ ಆಚೆಗೆ ಕೂತಿತು.

ಅದೇ ದಿನ ಗಣಿತದ ಮೇಷ್ಟ್ರಿಗೆ ನಾಲ್ಕನೇ ಪರೀಕ್ಷೆ ಇತ್ತು. ದಿನ ಬದಲಿಸಲು ಬ್ರೇಕಮ್ಮ ಎರಡು ಕಡೆಯೂ ಬೇಡಿದ್ದಳು, ಯಾರೂ ಒಪ್ಪಿರಲಿಲ್ಲ. ಇನ್ನೊಂದು ಸ್ಕೂಲಿನವನ ಜೊತೆ ಹೋಗಿ ಎಂದು ಮೇಷ್ಟ್ರನ್ನು ಕಳಿಸಿಕೊಟ್ಟಿದ್ದಳು. ಮಂಪರು ಇಳಿದು ಕಣ್ಣು ಬಿಟ್ಟ ಕೂಡಲೇ ಆಕೆ ಕೇಳಿದ್ದು, "ಮೇಷ್ಟ್ರು?"

ಗಂಡ ಫೋನು ತೋರಿಸಿದ. "ಪಾಸಂತೆ. ಒಂದು ತಪ್ಪೂ ಇಲ್ಲವಂತೆ."

"ಇಷ್ಟು ದಿನ ನನ್ನ ಪ್ರಾಣ ತಿಂದು, ನಾನಿಲ್ಲದ ದಿನ ಪಾಸಾದರಾ!" ಅಂದಳು. ಖುಷಿಯಾಗಿತ್ತು, ಆದರೆ ಒಳಗೆಲ್ಲೋ ಚುಚ್ಚಿಯೂ ಇತ್ತು. ಸಂಜೆ ಮೇಷ್ಟ್ರು ನೋಡಲು ಬಂದು, "ಪಕ್ಕದಲ್ಲಿ ಯಾರೂ ಬೈತಿರ್ಲಿಲ್ಲ ಅಮ್ಮ. ಅದಕ್ಕೇ ನಿಮ್ಮ ದನೀನ ನಾನೇ ಮನಸ್ಸಲ್ಲಿ ಹಾಕ್ಕೊಂಡೆ," ಎಂದಾಗ, "ಕಾರು ತಂದಿದ್ದೀರಾ? ಸರಿಯಾಗಿ ನಿಲ್ಲಿಸಿದ್ದೀರಾ? ಹೋಗಿ ನೋಡಿ ಮೊದಲು," ಎಂದು ಕಳಿಸಿಬಿಟ್ಟಳು.

ಅಂತೂ ಎಲ್ಲ ಸಿದ್ಧವಾಯಿತು. ಕೂದಲು ಉದುರುವ ಮೊದಲೇ ಇರಲಿ ಎಂದು ಗಿಡ್ಡಗೆ ಕತ್ತರಿಸಿಕೊಂಡಳು. ಚೀಲದಲ್ಲಿ ಟವೆಲು, ನೀರಿನ ಬಾಟಲಿ, ಕಾಲುಚೀಲ, ತಾರೀಕಿನ ಕ್ರಮದಲ್ಲಿ ಜೋಡಿಸಿದ ವರದಿಗಳು. ಮೊದಲ ಔಷಧಿಯ ದಿನ ಬೆಳಗ್ಗೆ ಏಳಕ್ಕೇ ಹೋಗಿ ಮೊದಲನೇ ಟೋಕನ್ ಹಿಡಿದಳು. ರಕ್ತ ತೆಗೆದರು, ಜ್ವರ ನೋಡಿದರು.

"ಜ್ವರ ಇದೆ. ಮೂಗು ಸೋರ್ತಿದೆ," ಅಂದಳು ನರ್ಸು. "ಇವತ್ತು ಆಗಲ್ಲ. ಐದು ದಿನ ಬಿಟ್ಟು ಬನ್ನಿ."

"ಏನು?"

"ಶೀತ ಆಗಿದೆ ನಿಮಗೆ. ಮನೇಲಿ ಯಾರಿಗಾದ್ರೂ ಇತ್ತಾ?"

ಅತ್ತಿಗೆ! ಎರಡು ದಿನದ ಹಿಂದೆ, ಪೋರ್ಟು ಹಾಕಿದ್ದನ್ನು ನೋಡಲು ಮತ್ತೆ ಬಂದು, ಸೀನುತ್ತಲೇ ತಬ್ಬಿಕೊಂಡು ಅತ್ತು ಹೋಗಿದ್ದಳು. ಬ್ರೇಕಮ್ಮ ಅಲ್ಲೇ ಕುರ್ಚಿಯಲ್ಲಿ ಕುಸಿದಳು. ಸೂಜಿ ತಡೆದುಕೊಂಡಿದ್ದಳು, ಹಲ್ಲು ಕೀಳಿಸಿಕೊಂಡಿದ್ದಳು, ಗುಮಾಸ್ತನನ್ನೂ ದಾಟಿದ್ದಳು. ಒಂದು ಶೀತ! ಅಳು, ನಗು, ಸಿಟ್ಟು ಮೂರೂ ಒಟ್ಟಿಗೆ ಬಂದು ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ದೊಡ್ಡದಾಗಿ ಒಂದು ಸೀನು ಸೀನಿದಳು. ಬರುವಾಗ ದಾರಿಯುದ್ದಕ್ಕೂ ಬಸ್ಸಿನಲ್ಲಿ ಗಂಡನ ಇಡೀ ವಂಶಕ್ಕೆ ಬೈಗುಳ ನಡೆಯಿತು. ಅವನು ಕಿಟಕಿಯ ಗಾಜು ಏರಿಸಿ, "ಗಾಳಿ ಬೀಸ್ತಿದೆ, ಶೀತ ಹೆಚ್ಚಾಗುತ್ತೆ, ಮುಚ್ಚಿಕೊಂಡು ಬೈ," ಎಂದು ತನ್ನ ಕೋಟು ಹೊದಿಸಿದ.

ಐದು ದಿನದ ನಂತರ ಔಷಧಿ ಶುರುವಾಯಿತು. ಕೆಂಪು ಔಷಧಿ, ಆಮೇಲೆ ಬಿಳಿಯದು, ಆರು ತಿಂಗಳು. ಮೊದಲ ಬಾರಿ ನಾಲ್ಕು ದಿನ ತಲೆ ಎತ್ತಲಾಗಲಿಲ್ಲ. ಎರಡನೆಯದರಲ್ಲಿ ಕೂದಲು ಹೋಯಿತು. ಮೂರನೆಯದರ ಹೊತ್ತಿಗೆ ನೀರೂ ತಗಡಿನ ರುಚಿ. ಕೈಲಾದ ದಿನ ಪಾಠ, ಆಗದ ದಿನ ಮಂಚ. ಗಡ್ಡೆ ಕುಗ್ಗಿತು. ಆಪರೇಷನ್ನಿನಲ್ಲಿ ಉಳಿದ ಚೂರನ್ನೂ ಕಂಕುಳ ಗ್ರಂಥಿಗಳನ್ನೂ ತೆಗೆದರು. ಕಿರಣವೂ ಮುಗಿದು ಆಕೆ ದಿನವಿಡೀ ಕಾರಿನಲ್ಲಿ ಕೂರುವಂತಾದದ್ದು ಮರುವರ್ಷ. ಈಗಲೂ ಕಲಿಸುತ್ತಾಳೆ, ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ನಾಲ್ಕನೇ ಕಿಟಕಿಯಲ್ಲಿ ಜಗಳವಾಡಿ ಬರುತ್ತಾಳೆ.

ಇದರ ನಡುವೆ ಒಂದು ಸಂಗತಿ ನಡೆಯಿತು, ಆಪರೇಷನ್ ಆಗಿ ಮೂರನೆಯ ವಾರ. ಗ್ರಂಥಿ ತೆಗೆದದ್ದರಿಂದ ಬಲಗೈ ಮೇಲೆ ಏಳುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಒಂದೊಂದೇ ಹೆಜ್ಜೆಯಂತೆ ಮೇಲಕ್ಕೆ ಹತ್ತಿಸಬೇಕು, ತಲುಪಿದಲ್ಲಿ ಗುರುತು ಮಾಡಿ ದಿನದಿನಕ್ಕೆ ಏರಿಸಬೇಕು ಎಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಗುರುತು ಮಾಡುವುದು ಗಂಡನ ಕೆಲಸ. ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಬೆಳಗ್ಗೆ ಅಂಗಡಿಗೆ ಹೋಗುವ ಮುನ್ನ ಗೆರೆ ಎಳೆಯುತ್ತಿದ್ದ. ಮೊದಲ ವಾರ ಗೆರೆಗಳು ಏರಿದವು. ಆಮೇಲೆ ನೋವು ಹೆಚ್ಚಿ ಕೈ ಒಂದೇ ಕಡೆ ನಿಂತಿತು. ಬ್ರೇಕಮ್ಮ ಊಟ ಬಿಟ್ಟಳು, ಮಾತು ಕಡಿಮೆ ಮಾಡಿದಳು. ಮನೆಯಲ್ಲಿ ಸದ್ದಿಲ್ಲದ್ದು ಪಕ್ಕದ ಮನೆಯವರಿಗೂ ಗೊತ್ತಾಯಿತು.

ಗುರುವಾರ ಬೆಳಗ್ಗೆ ಗಂಡ ಗೆರೆ ಎಳೆದು, "ನೋಡು, ಸೋಮವಾರಕ್ಕಿಂತ ಒಂದು ಬೆರಳು ಮೇಲೆ," ಅಂದ.

ಬ್ರೇಕಮ್ಮ ಗೋಡೆ ನೋಡಿದಳು. ಹತ್ತಿರ ಹೋಗಿ ಮತ್ತೊಮ್ಮೆ ನೋಡಿದಳು. ಜೀವಮಾನವಿಡೀ ಚಕ್ರಕ್ಕೂ ಚರಂಡಿಗೂ ನಡುವಿನ ಗೇಣನ್ನು ಕಣ್ಣಳತೆಯಲ್ಲೇ ಕಾಯ್ದವಳು ಆಕೆ.

"ಸೋಮವಾರದ ಗೆರೆ ಸ್ವಿಚ್ಚಿನ ಪೆಟ್ಟಿಗೆಯ ತಿರುಪಿಗೆ ಸಮವಾಗಿತ್ತು. ಈಗ ಕೆಳಗಿಳಿದಿದೆ. ಏನ್ರೀ, ಗೋಡೆ ಕುಸಿದಿದೆಯಾ?"

ಕೂದಲೆಳೆಯ ವ್ಯತ್ಯಾಸವಾದರೂ ಗಾಜನ್ನು ವಾಪಸ್ ತಂದು ಉಜ್ಜುವ ಮನುಷ್ಯ ಸೋಮವಾರದ ಗೆರೆಯನ್ನು ರಬ್ಬರಿನಿಂದ ಒರೆಸಿ, ಒಂದು ಬೆರಳು ಕೆಳಗೆ ಮತ್ತೆ ಬರೆದಿದ್ದ. ಒರೆಸಿದ ಜಾಗ ಸುಣ್ಣದ ಮೇಲೆ ಮಸುಕಾಗಿ ಹೊಳೆಯುತ್ತಿತ್ತು.

"ನೀನು ಊಟ ಮಾಡ್ತಿರ್ಲಿಲ್ಲ," ಅಂದ.

"ಅದಕ್ಕೆ ಸುಳ್ಳು ಗೆರೆ ಎಳೆಯೋದಾ? ನಾಳೆ ನಾನು ಇದನ್ನ ನಂಬಿಕೊಂಡು ಹ್ಯಾಂಡ್‌ಬ್ರೇಕ್ ಎಳೆಯೋಕೆ ಹೋಗಿ, ಕೈ ಬರದೆ, ಯಾರ ಮೇಲಾದ್ರೂ ಗಾಡಿ ಹತ್ತಿಸಿದ್ರೆ? ನಿಮ್ಮ ಅಂಗಡಿಗೆ ಬಂದವರಿಗೂ ಹೀಗೇ ಮಾಡ್ತೀರಾ? ಅಕ್ಷರ ಕಾಣಿಸ್ತಿಲ್ಲ ಅಂದ್ರೆ ಅಕ್ಷರಾನೇ ದೊಡ್ಡದಾಗಿ ಬರೆದು ಕೊಡ್ತೀರಾ? ಎಲ್ಲಿ, ತನ್ನಿ ಆ ರಬ್ಬರು. ಸೋಮವಾರದ್ದು ಎಲ್ಲಿತ್ತೋ ಅಲ್ಲೇ ಹಾಕಿ. ಇವತ್ತಿನದನ್ನ ಒರೆಸಿ, ನಾನು ಮತ್ತೆ ಹತ್ತಿಸ್ತೀನಿ."

ಐದು ದಿನದಿಂದ ಅಷ್ಟು ಉದ್ದದ ಮಾತು ಆಕೆಯ ಬಾಯಿಂದ ಬಂದಿರಲಿಲ್ಲ. ಗಂಡ ಹೇಳಿದಂತೆ ಮಾಡಿದ. ಬ್ರೇಕಮ್ಮ ಗೋಡೆಗೆ ಬೆರಳಿಟ್ಟಳು. ಹತ್ತಿಸಿದಳು. ಕಂಕುಳಿನಿಂದ ಮೊಣಕೈವರೆಗೆ ದಾರ ಬಿಗಿದು ಎಳೆದಂತಾಯಿತು. ಹಲ್ಲು ಕಚ್ಚಿ ಇನ್ನೊಂದು ಹೆಜ್ಜೆ, ಇನ್ನರ್ಧ. ಬೆರಳು ತಿರುಪಿನ ಮಟ್ಟಕ್ಕೆ ಬಂದು ನಿಂತಿತು. ಸೋಮವಾರದಷ್ಟೇ, ಒಂದೆಳೆಯೂ ಹೆಚ್ಚಿಲ್ಲ.

"ಎಳೀರಿ," ಅಂದಳು. "ಇದ್ದಲ್ಲೇ."

ಅವನು ಕಿವಿಯಿಂದ ಪೆನ್ಸಿಲು ತೆಗೆದು, ಕನ್ನಡಕ ಸರಿಮಾಡಿಕೊಂಡು, ಸೋಮವಾರದ ಗೆರೆಯ ಮೇಲೆಯೇ ಗುರುವಾರದ ಗೆರೆ ಎಳೆದ.

"ಸರಿ. ಈಗ ಊಟ ಹಾಕಿ," ಅಂದಳು ಬ್ರೇಕಮ್ಮ, ಕೈ ಇಳಿಸಿ.